ಡಬ್ಬಿ ಬಣ್ಣಕ್ಕೂ ಹಿಂದಿನ ಬಿಳಿ: ಸುಣ್ಣ ಅರಳಿಸುವುದು ಹೇಗೆ?

ಮಹಾನವಮಿ ಹತ್ತಿರ ಬಂದರೆ ಕೊಪ್ಪಳದ ಕಡೆ ಹಳೇ ಮನೆಗಳಿಗೆ ಸುಣ್ಣ ಬಳಿಯುವ ಗಡಿಬಿಡಿ. ಆದರೆ ಬಳಿಯುವ ಹಿಂದಿನ ದಿನ ಪುಡಿ ತಂದು ಕಲಸಿದರೆ ಅದು ಅಂಗಿಗೇ ಹೆಚ್ಚು ಹತ್ತುತ್ತದೆ. ಒಳ್ಳೆಯ ಸುಣ್ಣಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಕೈಹಾಕಬೇಕು.

ಪುಡಿ ಬೇಡ, ಸುಟ್ಟ ಸುಣ್ಣದ ಕಲ್ಲೇ ತನ್ನಿ. ಕೈಯಲ್ಲಿ ಹಿಡಿದರೆ ಹಗುರ ಅನಿಸಬೇಕು. ಗಾಳಿಗೆ ಕೂತು ಪುಡಿಯಾಗಿದ್ದರೆ ಅದರ ಕಸುವು ಹೋಗಿದೆ. ಹಳೇ ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು ಹಾಕಿ, ಕಲ್ಲಿನ ತೂಕದ ಮೂರು ಪಟ್ಟು. ಆಮೇಲೆ ಕಲ್ಲನ್ನು ಒಂದೊಂದಾಗಿ ಬಿಡಿ. ಎಂದಿಗೂ ಕಲ್ಲಿನ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ನೀರು ತಾನಾಗಿಯೇ ಕೊತಕೊತ ಕುದಿಯುವಷ್ಟು ಕಾವು ಏಳುತ್ತದೆ. ಪ್ಲಾಸ್ಟಿಕ್ ಬಕೆಟ್ ಮೆತ್ತಗಾದೀತು, ಅಲ್ಯುಮಿನಿಯಂ ಪಾತ್ರೆಯನ್ನು ಸುಣ್ಣವೇ ತಿನ್ನುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲೇಬೇಕು. ಮಕ್ಕಳನ್ನು ಅಂಗಳದಿಂದ ಆಚೆ ಕಳಿಸಿ.

ಕಾವು ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ದಿನ ಕಳೆದಂತೆ ಕಣಗಳು ಸಣ್ಣಗಾಗಿ ಬೆಣ್ಣೆಯಂತಾಗುತ್ತದೆ. ಮೂರು ವರ್ಷಕ್ಕಿಂತ ಎಳೆಯ ಸುಣ್ಣ ಬಳಸಬಾರದೆಂದು ಹಳೇ ರೋಮಿನಲ್ಲಿ ಕಟ್ಟಡದ ಕಾನೂನೇ ಇತ್ತೆಂದು ಅಲ್ಲಿನ ಲೇಖಕ ಪ್ಲಿನಿ ಬರೆದಿದ್ದಾನೆ. ನಮಗೆ ಅಷ್ಟು ತಾಳ್ಮೆ ಎಲ್ಲಿ!

ಬಳಿಯುವ ದಿನ ಹಾಲಿನ ಹದಕ್ಕೆ ನೀರು ಬೆರೆಸಿ, ಹುಣಸೆ ಬೀಜದ ಅಂಟನ್ನು ಸ್ವಲ್ಪ ಕೂಡಿಸಿ. ಕಿನ್ನಾಳದ ಚಿತ್ರಗಾರರು ಗೊಂಬೆಯ ಮರದ ತುಂಡು ಜೋಡಿಸುವುದೂ ಇಂಥದೇ ಅಂಟಿನಿಂದ. ಬಣ್ಣ ಬೇಕೆಂದರೆ ಕೆಮ್ಮಣ್ಣು, ಹಳದಿ ಮಣ್ಣು ಸುಣ್ಣದ ಖಾರವನ್ನು ತಡೆದುಕೊಳ್ಳುತ್ತವೆ.

ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಒಂದು ಕೈ ಬಳಿಯಿರಿ. ಹಸಿಯಲ್ಲಿ ಏನೂ ಕಾಣುವುದಿಲ್ಲ, ಗಾಬರಿಯಾಗಿ ದಪ್ಪ ಮೆತ್ತಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣ ಮತ್ತೆ ಕಲ್ಲಾಗುವಾಗಲೇ ಬಿಳುಪು ಏಳುವುದು. ಅದಕ್ಕೆ ಹಸಿ ಬೇಕು. ಒಮ್ಮೆ ನಾನು ಮೇ ತಿಂಗಳ ಮಧ್ಯಾಹ್ನ ಬಳಿದು, ಒಂದೇ ವಾರದಲ್ಲಿ ಹಕ್ಕಳೆ ಎದ್ದಿತ್ತು. ನಮ್ಮ ಬಿಸಿಲಿಗೆ ಬೆಳಗಿನ ಜಾವ ಅಥವಾ ಸಂಜೆಯೇ ಸರಿ. ಒಂದೊಂದು ದಿನ ಬಿಟ್ಟು ಮೂರು ಕೈ ಸಾಕು.

ಹಳೇ ಚಿತ್ರಕಾರರ ಇನ್ನೊಂದು ಬಿಳಿ ಸಫೇದ. ಸೀಸದ ಹಾಳೆಗೆ ವಿನೆಗರಿನ ಆವಿ, ಸಗಣಿಯ ಕಾವು ಕೊಟ್ಟು ತಿಂಗಳುಗಟ್ಟಲೆ ಇಟ್ಟು ಕೆರೆಯುತ್ತಿದ್ದರು. ಎಣ್ಣೆಯಲ್ಲಿ ಅದರಷ್ಟು ಚೆನ್ನಾಗಿ ಕೂರುವ ಬಿಳಿ ಆಗ ಇರಲಿಲ್ಲ, ಆದರೆ ಅದು ವಿಷ. ಗಂಧಕದ ಹವೆ ತಾಗಿದರೆ ಕಪ್ಪಾಗುತ್ತದೆ ಕೂಡ. 19ನೇ ಶತಮಾನದಲ್ಲಿ ಸತುವಿನ ಬಿಳಿ, 1920ರ ಆಸುಪಾಸಿನಲ್ಲಿ ಟೈಟಾನಿಯಂ ಬಿಳಿ ಬಂದವು. ಇಂದಿನ ಡಬ್ಬಿಗಳಲ್ಲಿ ಬಹುತೇಕ ಇರುವುದು ಟೈಟಾನಿಯಮ್ಮೇ. ಹಳೇ ಬಾಗಿಲಿನ ಎಣ್ಣೆ ಬಣ್ಣದಲ್ಲಿ ಸೀಸ ಇದ್ದೀತು. ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ.

ಉಳಿದ ಸುಣ್ಣವನ್ನು ಚೆಲ್ಲಬೇಡಿ. ನೀರು ಆರದಂತೆ ಮುಚ್ಚಿಟ್ಟರೆ ಮುಂದಿನ ವರ್ಷಕ್ಕೆ ಇನ್ನೂ ನುಣುಪಾಗಿರುತ್ತದೆ.