ಕೇಳಿ ಹಾಕಿದ ಡೀಬಗ್ ಪ್ಯಾಚ್

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೂತು ನಾನು ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು ಪ್ರೋಗ್ರಾಂ, ಅದರ ಕೆಲಸ ಮಾಡುತ್ತೇನೆ. ಮನೆ ಹಿಂದೆ ಅಡಿಕೆ ತೋಟ, ಮುಂದೆ ಗದ್ದೆ. ಕರ್ನಲ್‌ನ ಒಂದು ಸಣ್ಣ ಭಾಗ ನನ್ನ ಜವಾಬ್ದಾರಿ. ಅದರ ಗಿಟ್ ಟ್ರೀ (ಬದಲಾವಣೆಗಳ ಇತಿಹಾಸ ಸಮೇತ ಇರೋ ಕೋಡಿನ ಪ್ರತಿ) ಲಿನಕ್ಸ್ ನೆಕ್ಸ್ಟ್ ಅನ್ನೋ ಒಟ್ಟು ಟ್ರೀಗೆ ಸೇರುತ್ತದೆ. ಬೇರೆಯವರ ಕೋಡಿಗೆ ಡೀಬಗ್ ಪ್ಯಾಚ್ (ಬಗ್, ಅಂದರೆ ದೋಷ, ಹುಡುಕೋದಕ್ಕೆ ಮಾಡೋ ತಾತ್ಕಾಲಿಕ ಬದಲಾವಣೆ) ಹಾಕಬೇಕಾದಾಗ ಅವರ ಒಪ್ಪಿಗೆ ಹೇಗೆ ಕೇಳಬೇಕು ಅನ್ನೋದನ್ನು ನಾನು ಕಲಿತದ್ದು ಒಂದೇ ಮಳೆಗಾಲದಲ್ಲಿ. ಮೊದಲ ಸಲ ಕೇಳದೆ ಹಾಕಿದ್ದೆ. ಎರಡನೇ ಸಲ ಕೇಳಿ ಹಾಕಿದೆ.

ಲಿನಕ್ಸ್ ನೆಕ್ಸ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟೀಫನ್ ರಾತ್‌ವೆಲ್ ಇದನ್ನು ಶುರು ಮಾಡಿದ್ದು 2008ರಲ್ಲಿ. ನೆಟ್‌ವರ್ಕ್, ಫೈಲ್ ಸಿಸ್ಟಮ್, ಡ್ರೈವರ್, ಹೀಗೆ ಬೇರೆ ಬೇರೆ ಮೇಂಟೇನರ್‌ಗಳ (ಒಂದೊಂದು ಭಾಗ ನೋಡಿಕೊಳ್ಳುವವರ) 300ಕ್ಕೂ ಜಾಸ್ತಿ ಟ್ರೀಗಳನ್ನು ಶನಿವಾರ ಭಾನುವಾರ ಬಿಟ್ಟು ಸಾಮಾನ್ಯವಾಗಿ ದಿನಾ ಒಂದರ ಮೇಲೊಂದು ಮರ್ಜ್ ಮಾಡಿ (ಸೇರಿಸಿ), ಬಿಲ್ಡ್ ಮಾಡಿ (ಓಡುವ ಪ್ರೋಗ್ರಾಂ ಆಗಿ ಕಟ್ಟಿ), ಆ ದಿನದ ತಾರೀಖಿನ ಟ್ಯಾಗ್ ಹಾಕುತ್ತಾರೆ. ಮಾರನೇ ದಿನ ಮತ್ತೆ ಲಿನಕ್ಸ್ ಶುರು ಮಾಡಿದ ಲೀನಸ್ ಟೋರ್ವಾಲ್ಡ್ಸ್ ಅವರ ಮುಖ್ಯ ಟ್ರೀಯಿಂದ ಹೊಸದಾಗಿ ಶುರು. ಮುಂದಿನ ಮರ್ಜ್ ವಿಂಡೋದಲ್ಲಿ (ಹೊಸ ಕೋಡ್ ಸೇರಿಸಿಕೊಳ್ಳೋ ಅವಧಿಯಲ್ಲಿ) ಲೀನಸ್‌ಗೆ ಹೋಗೋ ಕೋಡ್ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದಾ ಅಂತ ಮೊದಲೇ ತಿಳಿಯೋದಕ್ಕೆ ಇದು. ಹಾಗಾಗಿ ಅಲ್ಲಿನ ನಿಯಮ ಸರಳ: ಲೀನಸ್‌ಗೆ ಹೋಗುವಂಥದ್ದನ್ನು ಮಾತ್ರ ಹಾಕಿ. ಡೀಬಗ್ ಪ್ಯಾಚ್ ಲೀನಸ್‌ಗೆ ಹೋಗೋದೇ ಇಲ್ಲ. ಅಂದರೆ ಅದು ಅಲ್ಲಿರೋದೇ ಒಂದು ವಿನಾಯಿತಿ. ಆ ವಿನಾಯಿತಿ ಕೊಡೋ ಹಕ್ಕು ಯಾರದ್ದು ಅಂತ ನಾನು ಯೋಚಿಸಿರಲಿಲ್ಲ.

ನನ್ನ ಬೆನ್ನು ಹತ್ತಿದ್ದ ಬಗ್ ಇದು. ನೆಟ್‌ವರ್ಕ್ ಡಿವೈಸ್ ಒಂದನ್ನು ತೆಗೆಯುವಾಗ ಕರ್ನಲ್ ಅಲ್ಲೇ ನಿಂತುಬಿಡುತ್ತಿತ್ತು. ಡಿವೈಸ್ ಬಿಡುಗಡೆ ಆಗೋದನ್ನು ಕಾಯುತ್ತಿದ್ದೇನೆ, ಬಳಕೆ ಎಣಿಕೆ 2 ಅಂತ ಹತ್ತು ಸೆಕೆಂಡಿಗೊಮ್ಮೆ ಒಂದು ಸಾಲು. ನಮ್ಮ ಕಡೆ ಅಡಿಕೆ ಕೊನೆ ಕೊಯ್ಯೋ ದೋಟಿ ಮನೆಯಿಂದ ಮನೆಗೆ ಹೋಗುತ್ತಲ್ಲ, ಹಾಗೆ. ಯಾರದೋ ಮನೆಯಲ್ಲಿದೆ ಅಂತ ಗೊತ್ತು, ಯಾರ ಮನೆ ಅಂತ ಗೊತ್ತಿಲ್ಲ. ಯಾರು ಹಿಡಿದಿದ್ದಾರೆ ಅಂತ ಬರೆದಿಡೋ ರೆಫ್ ಟ್ರ್ಯಾಕರ್ 5.17 ಆವೃತ್ತಿಯಿಂದ ಕರ್ನಲ್‌ನಲ್ಲಿದೆ. ಆದರೆ ಡಿವೈಸ್ ಹಿಡಿಯೋ ಎಲ್ಲ ಜಾಗಗಳೂ ಅದನ್ನು ಬಳಸುವುದಿಲ್ಲ. ಹಳೇ ಡೆವ್ ಹೋಲ್ಡ್ (ಡಿವೈಸ್ ಹಿಡಿಯೋದು), ಡೆವ್ ಪುಟ್ (ಬಿಡೋದು) ಕರೆಯೋ ಕೋಡ್ ಇನ್ನೂ ಇದೆ. ನನ್ನ ಬಗ್ ಅಲ್ಲೆಲ್ಲೋ ಅವಿತಿತ್ತು.

ನನ್ನ ಮೆಷಿನ್‌ನಲ್ಲೇ ಯಾಕೆ ಹಿಡಿಯಲಿಲ್ಲ ಅಂತ ಕೇಳಬಹುದು. ಹದಿನೈದು ದಿನ ಕ್ಯೂಇಎಂಯು ಅನ್ನೋ ವರ್ಚುವಲ್ ಮೆಷಿನ್ ಓಡಿಸಿದೆ. ಮಳೆಗೆ ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಓಡಿಸಿದೆ. ಒಂದು ಸಲವೂ ಸಿಗಲಿಲ್ಲ. ಇದನ್ನು ಕಂಡಿದ್ದು ಗೂಗಲ್‌ನವರ ಸಿಜ್‌ಬಾಟ್ ಮಾತ್ರ. 2017ರಿಂದ ಹಗಲೂ ರಾತ್ರಿ ಕರ್ನಲ್‌ಗೆ ಅಡ್ಡಾದಿಡ್ಡಿ ಸಿಸ್ಟಮ್ ಕಾಲ್ (ಪ್ರೋಗ್ರಾಂಗಳು ಕರ್ನಲ್‌ನಿಂದ ಕೆಲಸ ಕೇಳೋ ಕರೆ) ಕೊಟ್ಟು ಬಗ್ ಹುಡುಕುವ ವ್ಯವಸ್ಥೆ ಅದು. ಬಗ್ ಮರುಕಳಿಸೋ ಪುಟ್ಟ ಪ್ರೋಗ್ರಾಂ ಅದರ ಹತ್ತಿರ ಇದ್ದರೆ ನಮ್ಮ ಪ್ಯಾಚನ್ನು ಅದೇ ಪರೀಕ್ಷಿಸಿ ಕೊಡುತ್ತದೆ. ಈ ಬಗ್‌ಗೆ ಆ ಪ್ರೋಗ್ರಾಂ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಸಿಜ್‌ಬಾಟ್ ಓಡಿಸೋ ಕರ್ನಲ್‌ನಲ್ಲೇ ನನ್ನ ಡೀಬಗ್ ಕೋಡ್ ಇರಬೇಕು. ಅದು ಲಿನಕ್ಸ್ ನೆಕ್ಸ್ಟನ್ನೂ ಓಡಿಸುತ್ತದೆ. ಹಿಂದೆ ಇಂಥ ಕೆಲಸಕ್ಕೇ ನೆಕ್ಸ್ಟ್‌ನಲ್ಲಿ 'ಡೀಬಗ್ ಏಯ್ಡ್ ಫಾರ್ ಸಿಜ್‌ಬಾಟ್' ಅಂತ ಒಂದು ಕಾನ್ಫಿಗ್ (ಬಿಲ್ಡ್ ಮಾಡುವಾಗ ಆನ್ ಆಫ್ ಮಾಡೋ ಆಯ್ಕೆ) ಇತ್ತು. ಅಂದರೆ ನನ್ನ ಉಪಾಯ ಹೊಸದೇನಲ್ಲ, ತಪ್ಪೂ ಅಲ್ಲ.

ತಪ್ಪಾದದ್ದು ನಾನು ಹಾಕಿದ ರೀತಿ. ನೆಟ್‌ವರ್ಕ್ ಡಿವೈಸ್‌ನ ಮಾಹಿತಿ ಇಡೋ ನೆಟ್ ಡಿವೈಸ್ ಸ್ಟ್ರಕ್ಟ್‌ಗೆ ಒಂದು ಫೀಲ್ಡ್ ಸೇರಿಸಿದೆ. ಹೋಲ್ಡ್, ಪುಟ್ ಆದಾಗಲೆಲ್ಲ ಸ್ಟ್ಯಾಕ್ (ಯಾವ ಯಾವ ಫಂಕ್ಷನ್ ದಾಟಿ ಅಲ್ಲಿಗೆ ಬಂತು ಅನ್ನೋ ಪಟ್ಟಿ) ಪ್ರಿಂಟ್ ಮಾಡಿಸಿದೆ. ನನ್ನ ಟ್ರೀಯ ಮುಖ್ಯ ಬ್ರಾಂಚ್‌ಗೇ (ಕವಲಿಗೇ) ಕಮಿಟ್ ಮಾಡಿ (ದಾಖಲಿಸಿ) ಪುಶ್ ಮಾಡಿದೆ (ಸರ್ವರ್‌ಗೆ ಕಳಿಸಿದೆ). 'ನಾಲ್ಕು ದಿನದ ಕೆಲಸ, ಆಮೇಲೆ ತೆಗೀತೀನಿ' ಅಂತ ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರಿಗೂ ಹೇಳಲಿಲ್ಲ.

ಎರಡೇ ದಿನಕ್ಕೆ ಪರಿಣಾಮ ಗೊತ್ತಾಯಿತು. ಅದೇ ಹೆಡರ್ ಫೈಲನ್ನು ನೆಟ್‌ವರ್ಕ್ ಟ್ರೀಯಲ್ಲೂ ಬದಲಿಸಿದ್ದರು. ಮರ್ಜ್ ಮಾಡುವವರು ಕೈಯಾರೆ ಕೂತು ಕಾನ್‌ಫ್ಲಿಕ್ಟ್ ಬಿಡಿಸಬೇಕಾಯಿತು. ಮಾರನೇ ದಿನ ಬೇರೊಂದು ಆರ್ಕಿಟೆಕ್ಚರ್‌ನಲ್ಲಿ (ಬೇರೆ ಬಗೆಯ ಪ್ರೊಸೆಸರ್‌ನಲ್ಲಿ) ನನ್ನ ಪ್ಯಾಚ್‌ನಿಂದ ಬಿಲ್ಡೇ ಮುರಿಯಿತು. ಇವತ್ತಿನ ಟ್ರೀ ಬಿಟ್ಟು ನಿನ್ನೆಯದನ್ನು ಹಾಕಿಕೊಂಡಿದ್ದೇವೆ ಅಂತ ಸೂಚನೆ ಬಂತು. ಇದನ್ನೆಲ್ಲ ಸರಿ ಮಾಡಬಹುದಿತ್ತು. ನನಗೆ ಇವತ್ತಿಗೂ ಚುಚ್ಚೋದು ಮೂರನೆಯದು.

ನಾನು ಮುಟ್ಟಿದ ನೆಟ್‌ವರ್ಕ್ ಕೋಡಿನ ಮೇಂಟೇನರ್‌ಗೆ ಯಾವುದೋ ಟೆಸ್ಟ್ ಬಾಟ್‌ನಿಂದ ಒಂದು ವಾರ್ನಿಂಗ್ ಹೋಗಿತ್ತು. ಆ ಕೋಡ್ ಇರೋ ಡೆವ್.ಸಿ 11,000 ಸಾಲು ದಾಟಿದ ಫೈಲ್. ವಾರ್ನಿಂಗ್‌ನಲ್ಲಿದ್ದ ಸಾಲಿನ ನಂಬರಿಗೆ ಹೋದರೆ ಅವರ ಟ್ರೀಯಲ್ಲಿ ಅಲ್ಲಿದ್ದದ್ದು ಒಂದು ಕಾಮೆಂಟ್, ಅಂದರೆ ಓದುವವರಿಗಾಗಿ ಬರೆದ ಬರೀ ಟಿಪ್ಪಣಿ. ಕಾಮೆಂಟ್ ಎಲ್ಲಾದರೂ ವಾರ್ನಿಂಗ್ ಕೊಡುತ್ತದಾ? ಅವರು ಒಂದು ಸಂಜೆ ಪೂರ್ತಿ ಹುಡುಕಿ, ಕೊನೆಗೆ ನೆಕ್ಸ್ಟ್‌ನ ಇತಿಹಾಸದಲ್ಲಿ ನನ್ನ ಕಮಿಟ್ ಕಂಡುಹಿಡಿದರು. ನನಗೆ ಬರೆದದ್ದು ಎರಡೇ ಸಾಲು. ಇದನ್ನು ತೆಗೆಯಿರಿ. ನನ್ನ ಕೋಡಿನ ಮೇಲೆ ಏನು ಕೂತಿದೆ ಅಂತ ನನಗೆ ಗೊತ್ತಿರಬೇಕು.

ಆಗಲೇ ತೆಗೆದೆ. ಬಗ್ ಹಾಗೇ ಉಳಿಯಿತು.

ಅದೇ ವಾರ ಕೆಳಮನೆ ಮಾವ ಜಗಲಿಗೆ ಬಂದರು. ಗುಡ್ಡದಿಂದ ಅಬ್ಬಿ ನೀರು ನಮ್ಮಿಬ್ಬರ ಮನೆಗೂ ಒಂದೇ ಪೈಪಿನಲ್ಲಿ ಬರುತ್ತದೆ. ಎಲ್ಲೋ ಸೋರುತ್ತಿತ್ತು. ಕಂಬಳಿ ಕೊಪ್ಪೆ ತೆಗೆದು ಪಕ್ಕಕ್ಕಿಟ್ಟು ಹೇಳಿದರು: "ನಾಳೆ ಒಂಬತ್ತಕ್ಕೆ ಮೇಲಿನ ವಾಲ್ವ್ ಕಟ್ಟಿ ನೋಡ್ತೀನಿ ಮಾರಾಯ. ಹನ್ನೊಂದಕ್ಕೆ ಬಿಡ್ತೀನಿ, ಸೋರೋ ಜಾಗ ಸಿಗ್ಲಿ ಬಿಡ್ಲಿ. ಅಷ್ಟೊತ್ತಿಗೆ ಹಂಡೆ ತುಂಬಿಸಿಟ್ಕೊಳ್ಳಿ. ನಿಮಗೆ ಏನಾದ್ರೂ ತೊಂದ್ರೆ ಇದ್ರೆ ಹೇಳು, ನಾಡಿದ್ದು ಮಾಡಾಣ." ನಾಳೆ ಅತ್ತಿಗೆ ಮಗುವಿಗೆ ಎಣ್ಣೆ ನೀರು ಹಾಕೋರಿದ್ದಾರೆ, ಹತ್ತರ ಮೇಲೆ ಕಟ್ಟಿ ಮಾವ ಅಂದೆ. ಸರಿ ಅಂದು ಕಾಫಿ ಕುಡಿದು ಹೋದರು.

ನನ್ನ ಮೇಲ್‌ನಲ್ಲಿ ಇರಬೇಕಾದದ್ದೆಲ್ಲ ಆ ನಾಲ್ಕು ಮಾತಿನಲ್ಲಿತ್ತು. ಎಲ್ಲಿ ಕೈ ಹಾಕುತ್ತೇನೆ, ಯಾವಾಗಿಂದ ಯಾವಾಗಿನವರೆಗೆ, ನಿಮಗೆ ಏನು ತೊಂದರೆ ಆಗಬಹುದು. ಬಗ್ ಸಿಗದಿದ್ದರೂ ಹೇಳಿದ ಹೊತ್ತಿಗೆ ತೆಗೆಯುತ್ತೇನೆ ಅನ್ನೋ ಮಾತೂ ಇತ್ತು. ಬೇಡ ಅನ್ನೋದಕ್ಕೆ ಜಾಗವೂ ಇತ್ತು. ಡೀಬಗ್ ಪ್ಯಾಚ್ ಕಳಿಸುವವರು ಬಹಳಷ್ಟು ಸಲ ಈ ಕೊನೆಯದನ್ನೇ ಬಿಟ್ಟುಬಿಡುತ್ತಾರೆ. 'ಹಾಕುತ್ತಿದ್ದೇನೆ' ಅಂತ ತಿಳಿಸುತ್ತಾರೆ, 'ಹಾಕಲಾ' ಅಂತ ಕೇಳುವುದಿಲ್ಲ. ತಿಳಿಸೋದೇ ಬೇರೆ, ಕೇಳೋದೇ ಬೇರೆ ಅಲ್ವಾ.

ಯಾರನ್ನು ಕೇಳಬೇಕು ಅನ್ನೋದೂ ಅಷ್ಟು ಸುಲಭ ಇರಲಿಲ್ಲ. ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಓಡಿಸಿದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ರಿವ್ಯೂ ಮಾಡುವವರೂ ಇರುತ್ತಾರೆ, ಹಿಂದೆ ಯಾವತ್ತೋ ಆ ಫೈಲ್ ಮುಟ್ಟಿದವರೂ ಇರಬಹುದು. ನನಗೆ ಬೇಕಾದದ್ದು ಮೇಂಟೇನರ್ಸ್ ಫೈಲಿನಲ್ಲಿ 'ಎಂ' ಅಂತ ಶುರುವಾಗೋ ಸಾಲಿನವರ ಒಪ್ಪಿಗೆ. ಆ ಕೋಡ್ ಕೆಟ್ಟರೆ ಬಗ್ ರಿಪೋರ್ಟ್ ಮೊದಲು ಬಂದು ಬೀಳೋದು ಅವರ ಮೇಲೆ. ಅವರಿಗೆ ಬರೆದೆ. ನೆಕ್ಸ್ಟ್ ಕಟ್ಟುವವರಿಗೂ ಒಂದು ಪ್ರತಿ ಹಾಕಿದೆ. ಒಂದು ವಾರ ಉತ್ತರ ಇಲ್ಲ. ಸುಮ್ನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತ ಹಿಂದಿನ ತಿಂಗಳಾದರೆ ಅಂದುಕೊಳ್ಳುತ್ತಿದ್ದೆ. ಈ ಸಲ ಕಾದು, ಒಂದು ಸಾಲಿನ ನೆನಪೋಲೆ ಕಳಿಸಿದೆ.

ಉತ್ತರ ಬಂತು, ಷರತ್ತುಗಳ ಸಮೇತ. ಸ್ಟ್ರಕ್ಟ್ ಮುಟ್ಟಬೇಡಿ ಅಂದರು. 6.8 ಆವೃತ್ತಿಯಲ್ಲಿ ಆ ಸ್ಟ್ರಕ್ಟ್‌ನ ಫೀಲ್ಡ್‌ಗಳನ್ನು ಕ್ಯಾಶ್‌ಲೈನ್ (ಪ್ರೊಸೆಸರ್ ಒಂದೇ ಸಲಕ್ಕೆ ಎಳೆದುಕೊಳ್ಳೋ ಮೆಮೊರಿ ತುಂಡು) ಲೆಕ್ಕದಲ್ಲಿ ಮತ್ತೆ ಜೋಡಿಸಿದ್ದರು. ಪದೇಪದೇ ಓದೋ ಫೀಲ್ಡ್‌ಗಳು ಒಟ್ಟಿಗೆ ಇದ್ದರೆ ವೇಗ ಜಾಸ್ತಿ. ನಡುವೆ ನಾನು ಒಂದು ಫೀಲ್ಡ್ ತುರುಕಿದರೆ ಆ ಜೋಡಣೆ ಕೆಡುತ್ತದೆ, ನೆಕ್ಸ್ಟ್ ಮೇಲೆ ವೇಗ ಅಳೆಯುವವರಿಗೆ ತಪ್ಪು ಅಂಕಿ ಸಿಗುತ್ತದೆ. ಹಾಗಾಗಿ ಹೊರಗೆ ಒಂದು ಟೇಬಲ್ ಮಾಡಿ, ಡಿವೈಸ್‌ನ ಪಾಯಿಂಟರ್ (ಮೆಮೊರಿ ವಿಳಾಸ) ಮೇಲೆ ಹುಡುಕೋ ಹಾಗೆ ಬರೆದೆ. ಸ್ಟ್ಯಾಕ್‌ಗಳು ಕರ್ನಲ್‌ನ ಸ್ಟ್ಯಾಕ್ ಡಿಪೋ ಅನ್ನೋ ಸಂಗ್ರಹಕ್ಕೆ ಹೋದವು. ಒಂದೇ ಥರದ ಸ್ಟ್ಯಾಕನ್ನು ಅದು ಒಂದೇ ಸಲ ಇಟ್ಟುಕೊಳ್ಳುತ್ತದೆ.

ಪ್ರತಿ ಹೋಲ್ಡ್‌ಗೂ ಪ್ರಿಂಟ್ ಬೇಡ ಅನ್ನೋದು ಎರಡನೇ ಷರತ್ತು. ಕರ್ನಲ್‌ನ ಸಾಲುಗಳು ಹೊರಗೆ ಹೋಗೋ ಸೀರಿಯಲ್ ಕನ್ಸೋಲ್ 1,15,200 ಬಾಡ್‌ನಲ್ಲಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 11,520 ಅಕ್ಷರ ಹೋಗುತ್ತದೆ. ನಾನು ಸುರಿಸುತ್ತಿದ್ದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಅಷ್ಟು ನಿಧಾನ ಆದರೆ ಟೈಮಿಂಗ್ ಬದಲಾಗಿ ಬಗ್ ಅನ್ನೋದೇ ಕಾಣೆಯಾಗಬಹುದು. ಇದು ನನಗೆ ಹೊಳೆದಿರಲಿಲ್ಲ. ಹತ್ತು ಸೆಕೆಂಡಿನ ಆ ಕಾಯುವ ಸಾಲು ಬರುವ ಜಾಗದಲ್ಲಿ ಮಾತ್ರ, ಒಂದು ಡಿವೈಸ್‌ಗೆ ಒಂದೇ ಸಲ ಪಟ್ಟಿ ಮುದ್ರಿಸೋ ಹಾಗೆ ಬದಲಿಸಿದೆ. ಎಲ್ಲವೂ ಒಂದು ಕಾನ್ಫಿಗ್‌ನ ಒಳಗೆ. ಆ ಕಾನ್ಫಿಗ್ ಆಫ್ ಇದ್ದರೆ ನನ್ನ ಒಂದು ಅಕ್ಷರವೂ ಕಂಪೈಲ್ ಆಗಬಾರದು.

ಮೂರನೆಯದು ಬ್ರಾಂಚ್. ಲೀನಸ್‌ಗೆ ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸೋ ಬ್ರಾಂಚ್‌ನಲ್ಲಿ ಇದು ಇರಲೇಬಾರದು. ಮೊದಲ ಸಲ ನಾನು ಅಲ್ಲಿಗೇ ಹಾಕಿದ್ದೆ. ಮರ್ಜ್ ವಿಂಡೋ ತೆರೆದಾಗ ಮರೆತಿದ್ದರೆ ಡೀಬಗ್ ಕೋಡ್ ನೇರ ಮುಖ್ಯ ಕರ್ನಲ್‌ಗೆ ಹೋಗುತ್ತಿತ್ತು. ನೆಕ್ಸ್ಟ್‌ಗೆ ಅಂತಲೇ ಬೇರೆ ಬ್ರಾಂಚ್ ಮಾಡಿದೆ. ಅಲ್ಲಿ ಇದೊಂದೇ ಕಮಿಟ್. ತೆಗೆಯೋದು ಅಂದರೆ ಆ ಬ್ರಾಂಚನ್ನು ಖಾಲಿ ಮಾಡೋದು, ಅಷ್ಟೇ. ಆರ್‌ಸಿ6 (ಬಿಡುಗಡೆಗೆ ಮುಂಚೆ ವಾರಕ್ಕೊಂದರಂತೆ ಬರೋ ಪರೀಕ್ಷಾ ಆವೃತ್ತಿಗಳಲ್ಲಿ ಆರನೆಯದು) ಬರುವ ಹೊತ್ತಿಗೆ ತೆಗೆಯುತ್ತೇನೆ ಅಂತ ಬರೆದುಕೊಟ್ಟೆ.

ಇಲ್ಲೊಂದು ವಿಷಯ ಚರ್ಚೆಯಾಯಿತು. 'ಸರಿ, ಹಾಕಿ' ಅಂತ ಅವರು ಬರೆದದ್ದನ್ನು ನಾನು ಆಕ್ಡ್-ಬೈ (ಇಂಥವರು ಒಪ್ಪಿದ್ದಾರೆ ಅಂತ ಹೇಳೋ ಟ್ಯಾಗ್) ಅಂತ ಸೇರಿಸಬಹುದಾ? ಅಂಥ ಮಾತನ್ನು ನಾವೇ ಟ್ಯಾಗ್ ಮಾಡಿಕೊಳ್ಳೋದಕ್ಕಿಂತ ನೇರವಾಗಿ ಕೇಳೋದು ಒಳ್ಳೇದು ಅಂತ ಕರ್ನಲ್ ದಾಖಲೆಯಲ್ಲೇ ಇದೆ. ಕೇಳಿದೆ. ಬೇಡ ಅಂದರು. ಆ ಟ್ಯಾಗ್ ನೋಡಿದವರು ಇದು ಮುಖ್ಯ ಕರ್ನಲ್‌ಗೆ ಯೋಗ್ಯ ಅಂದುಕೊಳ್ಳಬಹುದು, ಅದರ ಬದಲು ಕಮಿಟ್ ವಿವರಣೆಯಲ್ಲಿ ಮಾತಿನಲ್ಲೇ ಬರೆಯಿರಿ ಅಂದರು. ನನಗೂ ಅದೇ ಸರಿ ಅನ್ನಿಸಿತು. ನೆಕ್ಸ್ಟ್‌ಗೆ ಮಾತ್ರ, ಮೇಂಟೇನರ್ ಒಪ್ಪಿಗೆ ಪಡೆದಿದೆ, ಇಂಥ ಬಗ್‌ಗಾಗಿ, ಇಂಥ ಆರ್‌ಸಿವರೆಗೆ, ತೊಂದರೆಯಾದರೆ ನನಗೆ ಬರೆಯಿರಿ. ಕೆಳಗೆ ನನ್ನ ಸೈನ್ಡ್-ಆಫ್-ಬೈ, ಅಂದರೆ ಸಹಿ ಸಾಲು. ಕಾಮೆಂಟ್ ಮುಂದೆ ಕೂತು ಒಂದು ಸಂಜೆ ಕಳೆದವರಿಗೆ ಈ ವಿವರಣೆ ಮೊದಲೇ ಸಿಕ್ಕಿದ್ದರೆ ಅವರ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಪ್ಯಾಚ್ ನೆಕ್ಸ್ಟ್‌ಗೆ ಸೇರಿತು. ಯಾರಿಗೂ ಕಾನ್‌ಫ್ಲಿಕ್ಟ್ ಬರಲಿಲ್ಲ. ಆಮೇಲೆ ಮೂರು ವಾರ ಏನೂ ಇಲ್ಲ. ಮಳೆ ಬಿಡುವು ಕೊಟ್ಟಾಗ ತೋಟಕ್ಕೆ ಎರಡನೇ ಸುತ್ತಿನ ಬೋರ್ಡೋ ದ್ರಾವಣ ಹೊಡೆಸುತ್ತಿದ್ದೆವು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೈಯೆಲ್ಲ ನೀಲಿ ಮಾಡಿಕೊಂಡು ಮನೆಗೆ ಬಂದು ನೋಡಿದರೆ ಸಿಜ್‌ಬಾಟ್ ರಿಪೋರ್ಟ್ ಬಂದಿತ್ತು. ಈ ಸಲ ಕಾಯುವ ಸಾಲಿನ ಕೆಳಗೆ ನನ್ನ ಪಟ್ಟಿಯೂ ಇತ್ತು. ಹಿಡಿದವರು ಹನ್ನೆರಡು, ಬಿಟ್ಟವರು ಹನ್ನೊಂದು. ಉಳಿದ ಒಂದು ಸ್ಟ್ಯಾಕ್ ಕಣ್ಣೆದುರೇ ಇತ್ತು. ಆ ಫಂಕ್ಷನ್ ತೆರೆದೆ. ಮೆಮೊರಿ ಸಿಗದಿದ್ದಾಗ ಮಧ್ಯದಲ್ಲೇ ವಾಪಸ್ ಹೋಗೋ ಒಂದು ದಾರಿ. ಆ ದಾರಿಯಲ್ಲಿ ಡೆವ್ ಪುಟ್ ಇರಲಿಲ್ಲ.

ಅದನ್ನು ಮೊದಲು ಕಳಿಸಿದ್ದು ಆ ಮೇಂಟೇನರ್‌ಗೆ. ಅದೇ ಥರ ಹೊರಟುಹೋಗೋ ಇನ್ನೊಂದು ದಾರಿಯೂ ಆ ಫಂಕ್ಷನ್‌ನಲ್ಲಿದೆ ಅಂತ ಅವರು ತೋರಿಸಿದರು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಎರಡನ್ನೂ ಸೇರಿಸಿ ಸರಿ ಮಾಡಿದ ಪ್ಯಾಚ್ ಅವರ ಟ್ರೀ ಮೂಲಕವೇ ಹೋಯಿತು.

ಆಗಿನ್ನೂ ಆರ್‌ಸಿ5. ಹೇಳಿದ ಗಡುವಿಗೆ ಒಂದು ವಾರ ಇತ್ತು. ಇನ್ನೊಂದು ಬಗ್‌ಗೆ ಬೇಕಾಗಬಹುದು, ಇರಲಿ ಅಂತ ಆಸೆಯಾಯಿತು. ಆದರೆ ನಾನು ಒಪ್ಪಿಗೆ ಪಡೆದದ್ದು ಈ ಬಗ್‌ಗೆ ಮಾತ್ರ. ಅವತ್ತೇ ಬ್ರಾಂಚ್ ಖಾಲಿ ಮಾಡಿ ಪುಶ್ ಮಾಡಿದೆ. ಮಾರನೇ ದಿನದ ಟ್ಯಾಗ್ ಇಳಿಸಿಕೊಂಡು ನನ್ನ ಕಾನ್ಫಿಗ್ ಹೆಸರು ಹಾಕಿ ಗ್ರೆಪ್ ಮಾಡಿದೆ, ಅಂದರೆ ಎಲ್ಲ ಫೈಲಿನಲ್ಲೂ ಹುಡುಕಿದೆ. ಒಂದು ಸಾಲೂ ಉಳಿದಿರಲಿಲ್ಲ. ಆ ಟ್ಯಾಗ್‌ನ ಹೆಸರು ಬರೆದು, ತೆಗೆದಾಗಿದೆ ಅಂತ ಮೇಂಟೇನರ್‌ಗೂ ನೆಕ್ಸ್ಟ್ ಕಟ್ಟುವವರಿಗೂ ತಿಳಿಸಿದೆ.