ಗೆರೆ, ತೆರೆ, ಕಂಬ: ಕರಾಳ ಜಾನಪದದ ಆಟದ ಪುಸ್ತಕಕ್ಕೆ ಎಚ್ಚರಿಕೆ ಸಾಲು ಬರೆದ ಅನುಭವ

ಕರಾಳ ಜನಪದ ಕತೆಗಳನ್ನು ಟೇಬಲ್ ಸುತ್ತ ಕೂತು ಪಾತ್ರಗಳಾಗಿ ಆಡುವ ಆಟದ ಪುಸ್ತಕ ನನ್ನದು. ಮುಂದಿನ ದೃಶ್ಯದಲ್ಲಿ ಮನಸ್ಸು ಕಲಕುವಂಥದ್ದು ಏನಿದೆ ಎಂದು ಮೊದಲೇ ತಿಳಿಸುವುದೇ ಎಚ್ಚರಿಕೆ ಸಾಲು. ಭಯದ ಆಟಕ್ಕೆ ಮೊದಲೇ ಎಚ್ಚರಿಕೆ ಕೊಟ್ಟರೆ ಭಯ ಎಲ್ಲಿ ಉಳಿಯುತ್ತೆ ಅಂತ ಜಿಎಂ (ಗೇಮ್ ಮಾಸ್ಟರ್, ಅಂದರೆ ಕತೆ ಹೇಳುತ್ತ ಆಟ ನಡೆಸುವವರು) ಆಗಿರುವ ಗೆಳೆಯರಲ್ಲಿ ಹೆಚ್ಚಿನವರು ಕೇಳಿದ್ದರು. ಅಜ್ಜಿ ಕತೆ ಹೇಳುವಾಗ ಎಚ್ಚರಿಕೆ ಓದಿದ್ದಳಾ ಅಂತಲೂ ಕೇಳಿದರು. ಅಜ್ಜಿ ಮಗುವಿನ ಮುಖ ನೋಡಿಕೊಂಡೇ ಕತೆಯ ದಾರಿ ತಿರುಗಿಸುತ್ತಿದ್ದಳು. ಪುಸ್ತಕಕ್ಕೆ ಆ ಕಣ್ಣಿಲ್ಲ. ಸುಮಾರು 14 ಟೇಬಲ್‌ಗಳಲ್ಲಿ, ಅಂದರೆ ಆಟದ ಗುಂಪುಗಳಲ್ಲಿ, ಪ್ಲೇಟೆಸ್ಟ್ (ಆಡಿ ನೋಡುವ ಪರೀಕ್ಷೆ) ಆಗಿ, 300 ಪ್ರತಿ ಅಚ್ಚಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎಚ್ಚರಿಕೆ ಸಾಲು ಸರಿಯಾದ ಜಾಗದಲ್ಲಿ, ಬಿಚ್ಚು ಮಾತಿನಲ್ಲಿ ಇದ್ದರೆ ಆಟಗಾರರು ಹಿಂಜರಿಯುವುದಿಲ್ಲ, ಇನ್ನೂ ಆಳಕ್ಕೆ ಇಳಿಯುತ್ತಾರೆ. ಆಟದ ನಡುವೆ ಯಾರಾದರೂ ಮುಟ್ಟಿದರೆ ಆ ವಿಷಯವನ್ನು ಅಲ್ಲಿಗೇ ಬಿಡುವ ಎಕ್ಸ್ ಕಾರ್ಡ್, ಆಟಕ್ಕೆ ಮೊದಲು ಕೂತು ಮಾತಾಡಿಕೊಳ್ಳುವ ಸೆಷನ್ ಝೀರೋ, ಇವುಗಳ ಬಗ್ಗೆ ಇಲ್ಲಿ ಹೆಚ್ಚು ವಿವರಿಸುವುದಿಲ್ಲ.

ಮೊದಲ ಕರಡಿನಲ್ಲಿ ಎಚ್ಚರಿಕೆಗೆಂದು ಒಂದೇ ಒಂದು ಪುಟ ಇತ್ತು: ‘ಕೌಟುಂಬಿಕ ಹಿಂಸೆ, ಮಾನಸಿಕ ಯಾತನೆ, ಸೂಕ್ಷ್ಮ ವಿಷಯಗಳು’. ನಾಲ್ಕು ಟೇಬಲ್‌ಗಳಲ್ಲಿ ಯಾರೂ ಅದನ್ನು ಓದಲಿಲ್ಲ, ಓದಿದ ಒಬ್ಬಿಬ್ಬರಿಗೂ ಏನೂ ತಿಳಿಯಲಿಲ್ಲ. ‘ಕೌಟುಂಬಿಕ ಹಿಂಸೆ’ ಎಂದರೆ ಬೈಗುಳವೂ ಆಗಬಹುದು, ಕೊಲೆಯೂ ಆಗಬಹುದು. ಆಮೇಲೆ ಚಿತ್ರದ ಗುರುತು ಹಾಕಿದೆ: ಹನಿ, ಕತ್ತಿ, ತೊಟ್ಟಿಲು. ಗುರುತಿನ ಅರ್ಥ ಹುಡುಕಲು ಜಿಎಂ ಪ್ರತಿ ಸಲ ಮೊದಲ ಪುಟಕ್ಕೆ ಓಡಬೇಕಾಯಿತು. ಅಚ್ಚು ಹಾಕಿಸಿದ್ದ ಸ್ಟಿಕರ್ ಹಾಳೆಗಳು ರದ್ದಿಗೆ ಹೋದವು, ಸುಮಾರು 1,800 ರೂಪಾಯಿ ನೀರಿಗೆ.

ಕೊನೆಗೆ ನಿಂತದ್ದು ನಾಲ್ಕು ತುಂಡಿನ ಸಾಲು: ಏನು ನಡೆಯುತ್ತದೆ, ಯಾರಿಗೆ, ಎಷ್ಟು ಕಣ್ಣೆದುರು, ಬದಲಿಗೆ ಏನು ಮಾಡಬಹುದು. ಆಟ ರಚಿಸುವ ರಾನ್ ಎಡ್ವರ್ಡ್ಸ್ 2003ರಲ್ಲಿ ಕೊಟ್ಟ ‘ಲೈನ್ಸ್ ಅಂಡ್ ವೇಲ್ಸ್’ ನಾವೆಲ್ಲ ಬಳಸುವಂಥದ್ದೇ. ಅದಕ್ಕೆ ನಾನು ‘ಗೆರೆ, ತೆರೆ’ ಎಂದು ಹೆಸರಿಟ್ಟೆ. ಗೆರೆ ದಾಟುವಂತಿಲ್ಲ, ಆ ವಿಷಯ ಆಟದಲ್ಲಿ ಬರಲೇಬಾರದು. ತೆರೆಯ ಹಿಂದೆ ನಡೆಯಬಹುದು, ಕಣ್ಣೆದುರು ತೋರಿಸುವುದಿಲ್ಲ. ಯಕ್ಷಗಾನದ ತೆರೆ ಕಂಡವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಈ ಎರಡು ಪದ ಸಿಕ್ಕಿದ್ದು ಇಡೀ ಪುಸ್ತಕದಲ್ಲೇ ನನಗೆ ಹೆಚ್ಚು ಹೆಮ್ಮೆಯ ವಿಷಯ.

‘ಕೆರೆಗೆ ಹಾರ’ ಜನಪದ ಕತೆಯ ಅಧ್ಯಾಯವನ್ನೇ ನೋಡಿ. ಕಲ್ಲನಕೇರಿಯ ಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ, ಮನೆಯವರು ಬಲಿಗೆ ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಕತೆಯ ಕೊನೆ ಎಲ್ಲರಿಗೂ ಗೊತ್ತು, ಹಾಗಾಗಿ ಎಚ್ಚರಿಕೆಯಿಂದ ಗುಟ್ಟು ಬಯಲಾಗುತ್ತದೆ ಎಂಬ ವಾದ ಇಲ್ಲಿ ನಿಲ್ಲುವುದೇ ಇಲ್ಲ. ನನ್ನ ಸಾಲು ಹೀಗಿದೆ: ‘ಮನೆಯವರೇ ಕೂಡಿ ಸೊಸೆಯನ್ನು ಬಲಿಗೆ ಆರಿಸುತ್ತಾರೆ. ಆಕೆ ಮುಳುಗುವುದು ಕಣ್ಣೆದುರು. ಆಮೇಲೆ ಗಂಡ ತಾನಾಗಿ ನೀರಿಗೆ ಹಾರುತ್ತಾನೆ, ಇದು ತೆರೆಯ ಹಿಂದೆ. ಬದಲಿ: ಬಟ್ಟಲಿನ ದೃಶ್ಯಕ್ಕೇ ನಿಲ್ಲಿಸಿ.’

ಈ ಸಾಲು ಎಲ್ಲಿರಬೇಕು ಎಂಬುದಕ್ಕೇ ಎರಡು ತಿಂಗಳು ಹೋಯಿತು. ಭಾಗೀರಥಿ ಮರೆತ ಬಂಗಾರದ ಬಟ್ಟಲು ತಂದು ಮೆಟ್ಟಿಲೇರುವಾಗ ನೀರು ಪಾದದಿಂದ ಮೇಲೇರುತ್ತದಲ್ಲ, ಅದನ್ನು ಐದು ಮನೆಯ, ಅಂದರೆ ಐದು ಚೌಕದ, ಎಣಿಕೆಯಾಗಿ ಮಾಡಿದ್ದೇನೆ. ಡೈಸ್ ಸೋತಾಗಲೆಲ್ಲ ಒಂದು ಮನೆ ಏರುತ್ತದೆ. ಮೊದಲು ಸಾಲನ್ನು ಮೂರನೇ ಮನೆಯ ಪಕ್ಕ ಇಟ್ಟಿದ್ದೆ, ತಪ್ಪಾಯಿತು. ಎಣಿಕೆ ಶುರುವಾದ ಮೇಲೆ ಎಲ್ಲರ ಕಣ್ಣು ಡೈಸ್ ಮೇಲೆ, ಆಟ ಕೆಡಿಸಿದ ಹೆಸರು ಯಾರಿಗೂ ಬೇಡ. ಎಕ್ಸ್ ಕಾರ್ಡ್ ಮುಟ್ಟುವ ಹೊತ್ತಿಗೆ ನೀರು ನಡುಮಟ್ಟಕ್ಕೆ ಬಂದಿರುತ್ತಿತ್ತು. ಸಾಲನ್ನು ಬಟ್ಟಲಿನ ದೃಶ್ಯಕ್ಕಿಂತ ಮೊದಲಿನ ಪುಟದ ಅಂಚಿಗೆ ತಂದ ಮೇಲೆ ಮಾತು ಸಮಯಕ್ಕೆ ಸರಿಯಾಗಿ ಬರತೊಡಗಿತು. ಎಣಿಕೆ ಇರುವ ಯಾವ ದೃಶ್ಯಕ್ಕೂ ಇದೇ ಲೆಕ್ಕ: ಎಚ್ಚರಿಕೆ ಮೊದಲ ಮನೆಗಿಂತ ಹಿಂದೆ ಇರಬೇಕು.

ಬದಲಿ ಬರೆಯುವುದು ಎಲ್ಲಕ್ಕಿಂತ ಕಷ್ಟ. ಪ್ರತಿ ಕತೆಯಲ್ಲಿ ಕಂಬ ಯಾವುದು, ಗೋಡೆ ಯಾವುದು ಎಂದು ಬೇರೆ ಮಾಡಿದೆ. ಮುಳುಗುವ ದೃಶ್ಯ ಗೋಡೆ, ತೆಗೆದರೂ ಕತೆ ನಿಲ್ಲುತ್ತದೆ. ಮನೆಯವರ ತೀರ್ಮಾನ ಕಂಬ, ಅದನ್ನು ತೆಗೆದರೆ ಕತೆಯೇ ಇಲ್ಲ. ಕಂಬವೇ ಯಾರದೋ ಗೆರೆಯಾದರೆ ‘ಈ ಅಧ್ಯಾಯ ಬಿಡಿ, ಇಂಥದ್ದನ್ನು ಆಡಿ’ ಎಂದು ನೇರವಾಗಿ ಬರೆದಿದ್ದೇನೆ. ಮೊದಲು ಕಂಬಕ್ಕೂ ಬದಲಿ ಕೊಡಲು ಹೋಗಿ, ಊರವರು ಮನಸ್ಸು ಬದಲಿಸುವ ಒಂದು ಸಪ್ಪೆ ಅಂತ್ಯ ಬರೆದಿದ್ದೆ. ಆಡಿದ ಎರಡೂ ಟೇಬಲ್‌ಗಳಲ್ಲಿ ಯಾರಿಗೂ ರುಚಿಸಲಿಲ್ಲ.

ಗುಟ್ಟು ಉಳಿಸಬೇಕಾದ ಕತೆಗಳಿಗೆ ಎಚ್ಚರಿಕೆಯ ಪಟ್ಟಿ ಎರಡು. ಆಟಗಾರರ ಪಟ್ಟಿಯಲ್ಲಿ ಮಾಡಿದವರ ಸುದ್ದಿ ಇಲ್ಲ, ಆದದ್ದು ಮಾತ್ರ: ‘ಹಳೆಯ ಕೊಲೆಯ ಸುಳಿವು ಸಿಗುತ್ತದೆ, ಸತ್ತವರು ಮಕ್ಕಳು.’ ಜಿಎಂ ಅಂಚಿನಲ್ಲಿ ಪೂರ್ತಿ ಇರುತ್ತದೆ. ‘ನಾಳೆ ಬಾ’ ಅಧ್ಯಾಯಕ್ಕೆ ರಕ್ತದ ಎಚ್ಚರಿಕೆ ಸಾಕು ಅಂದುಕೊಂಡಿದ್ದೆ. ಟೇಬಲ್‌ನಲ್ಲಿ ತಟ್ಟಿದ್ದು ಬೇರೆಯೇ: ದೆವ್ವ ಮನೆಯವರ ದನಿಯಲ್ಲಿ ಕರೆಯುತ್ತದೆ, ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರಿಗೆ ಅದನ್ನು ತಡೆದುಕೊಳ್ಳಲಾಗದು. ಈಗ ಮೊದಲ ಸಾಲೇ ಅದು.

ಆಟ ಶುರುವಾಗುವ ಮೊದಲು ಆಟಗಾರರಿಂದ ಅವರವರ ಗೆರೆ ಬರೆಸಲು ಚೀಟಿ. ಎಲ್ಲರಿಗೂ ಒಂದೇ ಅಳತೆಯ ಕಾಗದ, ಒಂದೇ ಬಣ್ಣದ ಪೆನ್ಸಿಲ್. ಹೇಳಲು ಏನಿಲ್ಲದವರೂ ‘ಏನೂ ಇಲ್ಲ, ಆಟ ಶುರುವಾಗಲಿ’ ಎಂದು ಇಡೀ ಸಾಲು ಬರೆಯಬೇಕು. ಇಲ್ಲವಾದರೆ ಯಾರ ಪೆನ್ಸಿಲ್ ಹೆಚ್ಚು ಹೊತ್ತು ಓಡಿತು ಎಂದು ಪಕ್ಕದವರಿಗೆ ಗೊತ್ತಾಗುತ್ತದೆ.

ಎಚ್ಚರಿಕೆಯಿಂದ ಸರಿಹೋಗದ ವಿಷಯಗಳೂ ಇವೆ. ತುಳುನಾಡಿನ ದೈವವೊಂದನ್ನು ಎದುರಾಳಿಯಾಗಿ ಇಟ್ಟು, ಮೇಲೊಂದು ಸಾಲು ಬರೆದಿದ್ದೆ. ಕರಾವಳಿಯ ಆಟಗಾರರು ಬೇಡವೇ ಬೇಡ ಎಂದರು. ಇಂದಿಗೂ ನಂಬಿ ನಡೆದುಕೊಳ್ಳುವ ದೈವ ಅದು, ಹಳೆಯ ಕಟ್ಟುಕತೆಯಲ್ಲ. ಅವರ ಮಾತೇ ಸರಿ. ಒಂಬತ್ತು ಪುಟ ಹೋಯಿತು, ಚಿತ್ರ ಬರೆದವರಿಗೆ ಕೊಟ್ಟ ನಾಲ್ಕೂವರೆ ಸಾವಿರವೂ ಹೋಯಿತು. ಸತಿ ಹೋದ ಹೆಂಗಸಿನ ನೆನಪಿಗೆ ನಿಲ್ಲಿಸುವ ಮಾಸ್ತಿಕಲ್ಲಿನ ಅಧ್ಯಾಯದಲ್ಲೂ ಇಂಥದ್ದೇ ಪಾಠ. ಸತಿಯನ್ನು ವೈಭವೀಕರಿಸುವುದು 1987ರ ಕಾಯ್ದೆಯ ಪ್ರಕಾರ ಅಪರಾಧ, ಎಚ್ಚರಿಕೆ ಸಾಲು ಅದಕ್ಕೆ ರಕ್ಷೆಯಲ್ಲ. ಬಳೆ ತೊಟ್ಟ ಎತ್ತಿದ ಕೈಯನ್ನು ‘ವರ ಕೊಡುವ ಕಲ್ಲು’ ಎಂದು ಬರೆದಿದ್ದ ಭಾಗವನ್ನೇ ಕಿತ್ತು, ಆ ಹೆಂಗಸಿನ ಕಡೆಯಿಂದ ಮತ್ತೆ ಬರೆದೆ.

ಅಚ್ಚಿನ ಲೆಕ್ಕ. ಎ5 ಅಳತೆ, 112 ಪುಟ, ಅಂದರೆ 16 ಪುಟದ ಏಳು ಫಾರ್ಮ್. ಎಚ್ಚರಿಕೆಗೆಂದು ಎರಡು ಪುಟ ಸೇರಿಸಿದರೂ ಇನ್ನೊಂದು ಅರ್ಧ ಫಾರ್ಮ್ ಬೇಕು. ಅದಕ್ಕೇ ಆಟಗಾರರ ಪಟ್ಟಿಯನ್ನು ರಕ್ಷಾಪುಟದ ಒಳಬದಿಗೆ ಹಾಕಿಸಿದೆ, ಹೆಚ್ಚಾದದ್ದು ಸುಮಾರು 900 ರೂಪಾಯಿ. ಪ್ರತಿಗೆ 88-90 ರೂಪಾಯಿ ಬಿತ್ತು. ಅಂಚಿನ ಸಾಲನ್ನು ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ 8 ಪಾಯಿಂಟ್‌ಗೆ ಇಟ್ಟಿದ್ದೆ. ಇಂಕು ಹರಡಿ ಒತ್ತಕ್ಷರಗಳ ಹೊಟ್ಟೆ ಮುಚ್ಚಿಹೋಯಿತು, ‘ಹತ್ಯೆ’ಯ ಯ ಒತ್ತೇ ಕಾಣಲಿಲ್ಲ. ಬಿಳಿ ಕಾಗದ, ಕಪ್ಪು ಅಕ್ಷರ, 10 ಪಾಯಿಂಟ್, ಸಾಲಿನ ಅಂತರ 15, ಎಡಕ್ಕೊಂದು ದಪ್ಪ ಗೆರೆ: ಇದಕ್ಕಿಂತ ಹೆಚ್ಚೇನೂ ಬೇಡ.

ಪಿಡಿಎಫ್ ಮಾಡುವವರಿಗೆ ಒಂದು ಮಾತು. ಪುಟ ಕೂರಿಸುವ ಡಿಟಿಪಿಯವರು ಹಳೆಯ ನುಡಿ ಫಾಂಟಿನ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಬಗೆಯ) ಕಡತ ಕೊಟ್ಟರೆ ತೆಗೆದುಕೊಳ್ಳಬೇಡಿ. ನೋಡಲು ಕನ್ನಡದಂತೆಯೇ ಇರುತ್ತದೆ, ಆದರೆ ‘ಬಲಿ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಸ್ಕ್ರೀನ್ ರೀಡರ್ ಬಳಸುವವರಿಗೆ ಕೇಳುವುದು ಬರೀ ಗೊಂದಲ. ಎಚ್ಚರಿಕೆ ಯಾರಿಗೆ ಬೇಕಿತ್ತೋ ಅವರಿಗೇ ಸಿಗದೆ ಹೋಗುತ್ತದೆ. ಯೂನಿಕೋಡ್‌ನಲ್ಲೇ ಕೂರಿಸಿ ಕೊಡಿ ಎನ್ನಿ, ಪುಟಕ್ಕೆ ಐದು ರೂಪಾಯಿ ಹೆಚ್ಚು ಕೇಳಿದರೂ ಕೊಡಿ, ನಾನು ಕೊಟ್ಟೆ.