ತೋಟದ ಕೆರೆಗೆ ಮೀನು ಬಿಡುವ ಮೊದಲು

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯವರು ಹಿತ್ತಲಿನ ಹಳೇ ಕೆರೆ ಸರಿಮಾಡಿ ಮೀನು ಬಿಡುವುದಾದರೆ, ಮೊದಲು ಅಡಿಕೆಗೆ ಮದ್ದು ಬಿಡುವ ದಿನ ನೋಡಿಕೊಳ್ಳಿ. ಆ ಮದ್ದು ಅಂದರೆ ಬೋರ್ಡೋ ದ್ರಾವಣ, ಅದರಲ್ಲಿರುವ ಮೈಲುತುತ್ತು ಮೀನಿಗೆ ವಿಷ. ನಾನು ಇದನ್ನು ಮರೆತು ಮರಿ ಬಿಟ್ಟಿದ್ದೆ. ಮದ್ದು ಬಿಟ್ಟ ಸಂಜೆಯೇ ಮಳೆ. ತೋಟದ ಕಣಿಯ (ನೀರು ಹರಿಯುವ ಕಾಲುವೆಯ) ನೀರು ಸೀದಾ ಕೆರೆಗೆ. ಬೆಳಿಗ್ಗೆ ನೋಡಿದರೆ ಮರಿಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಈಗ ಸುತ್ತ ಮುರಕಲ್ಲಿನ ಕಟ್ಟೆ ಕಟ್ಟಿ ಕಣಿಯನ್ನು ತಿರುಗಿಸಿದ್ದೇನೆ.

ಕೆಸರು ತೆಗೆದ ಮೇಲೆ ತಳ ಬಿರುಕು ಬಿಡುವವರೆಗೆ ಒಣಗಲಿ. ಇಲ್ಲದಿದ್ದರೆ ಕೆಸರಲ್ಲಿ ಅಡಗಿದ ಮುಗುಡು ಮೀನು ನಿಮ್ಮ ಮರಿಗಳನ್ನು ಸುಮ್ನೆ ಬಿಡುವುದಿಲ್ಲ. ನಮ್ಮದು ಹುಳಿ ಮಣ್ಣು ಅಲ್ವಾ, ಸೆಂಟ್ಸಿಗೆ ಒಂದೆರಡು ಕಿಲೋ ಸುಣ್ಣ ಹಾಕಿ, ವಾರ ಬಿಟ್ಟು ನೀರು ತುಂಬಿಸಿ.

ಕಾಟ್ಲಾ, ರೋಹು, ಮೃಗಾಲ್ ಎಲ್ಲ ಸೇರಿ ಸೆಂಟ್ಸಿಗೆ 30 ಮರಿ ಸಾಕು. ಜಾಸ್ತಿ ಬಿಟ್ಟರೆ ಯಾವುದೂ ದೊಡ್ಡದಾಗುವುದಿಲ್ಲ. ಬೆರಳುದ್ದದ ಮರಿಯೇ ತನ್ನಿ. ಮರಿ ತಂದ ಪ್ಲಾಸ್ಟಿಕ್ ತೊಟ್ಟೆಯನ್ನು 15–20 ನಿಮಿಷ ನೀರಲ್ಲಿ ತೇಲಿಸಿ, ಕೆರೆ ನೀರು ಸ್ವಲ್ಪ ಸ್ವಲ್ಪವೇ ಒಳಗೆ ಸೇರಿಸಿ. ಮರಿಗಳು ತಾವಾಗಿ ಈಜಿ ಹೊರಬರಲಿ, ಸುರಿಯಬೇಡಿ.

ಕೋಡಿಗೆ ಬಲೆ ಮರೆಯಬೇಡಿ. ಇಲ್ಲದಿದ್ದರೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮೀನೆಲ್ಲ ಪಕ್ಕದವರ ಗದ್ದೆಗೆ ಹೋಗುತ್ತದೆ. ಗಾಳ ಹಾಕಲು ಏಳೆಂಟು ತಿಂಗಳು ತಡೆಯಿರಿ. ನಮ್ಮ ಮಕ್ಕಳು ತಡೆಯಲಿಲ್ಲ, ಅದು ಬೇರೆ ಮಾತು.